ಎಲ್ಲರಿಗೂ ಒಂದೇ ತೆರಿಗೆ ದರ: ಸಮಾನತೆಯೋ, ಅನ್ಯಾಯವೋ?

‘ಹೆಚ್ಚು ಓದಿ, ಹೆಚ್ಚು ದುಡಿದವರಿಗೆ ಹೆಚ್ಚು ತೆರಿಗೆ ಯಾಕೆ? ಎಲ್ಲರಿಗೂ ಶೇ 10 ಅಂತ ಒಂದೇ ದರ ಇಟ್ಟರೆ ಮುಗಿಯಿತಲ್ಲ?’ ಬಜೆಟ್ ಬಂದಾಗಲೆಲ್ಲ ಕಾಲೇಜು ಕ್ಯಾಂಟೀನ್‌ನಲ್ಲೂ ಪಿ.ಜಿ. ಕೋಣೆಗಳಲ್ಲೂ ಕೇಳಿಬರುವ ಪ್ರಶ್ನೆಯಿದು. ನಾಳೆ ಸಂಬಳ ಎಣಿಸುವವರು ನಾವೇ ಆದ್ದರಿಂದ ಉತ್ತರವನ್ನೂ ನಾವೇ ಹುಡುಕಬೇಕು.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 20 ಸಾವಿರ ರೂಪಾಯಿ ಗಳಿಸುವವರಿಂದ ಶೇ 10 ತೆಗೆದರೆ ಹೋಗುವುದು 2 ಸಾವಿರ. ಅದು ಊರಿಗೆ ಕಳಿಸುವ ದುಡ್ಡಾಗಿರಬಹುದು, ಶಿಕ್ಷಣ ಸಾಲದ ಕಂತಾಗಿರಬಹುದು. 2 ಲಕ್ಷ ಗಳಿಸುವವರಿಂದ ಹೋಗುವುದು 20 ಸಾವಿರ. ಮೊತ್ತ ದೊಡ್ಡದು, ಆದರೆ ಅವರ ಅಡುಗೆಮನೆಗೆ ಅದರ ಬಿಸಿ ತಟ್ಟುವುದಿಲ್ಲ. ತೆರಿಗೆಯ ಭಾರವನ್ನು ಕಿತ್ತುಕೊಂಡ ಹಣದಿಂದಲ್ಲ, ಕೈಯಲ್ಲಿ ಉಳಿದ ಹಣದಿಂದ ಅಳೆಯಬೇಕು. ಪ್ರಗತಿಪರ ತೆರಿಗೆಯ ಹಿಂದಿರುವುದು ಇಷ್ಟೇ ಸರಳ ತರ್ಕ.

ಇದರ ಬಗ್ಗೆ ಒಂದು ತಪ್ಪು ಕಲ್ಪನೆಯೂ ಇದೆ. ಸಂಬಳ ಏರಿ ಮೇಲಿನ ಸ್ಲ್ಯಾಬ್‌ಗೆ ಹೋದರೆ ಇಡೀ ಆದಾಯಕ್ಕೆ ಹೆಚ್ಚಿನ ದರ ಬೀಳುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. 2025–26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ನಂತರದ ಪ್ರತಿ 4 ಲಕ್ಷಕ್ಕೆ ಶೇ 5, 10, 15, 20, 25 ಎಂದು ದರ ಏರುತ್ತದೆ. 24 ಲಕ್ಷ ದಾಟಿದ ಭಾಗಕ್ಕೆ ಮಾತ್ರ ಶೇ 30. ತೆರಿಗೆಗೆ ಒಳಪಡುವ ಆದಾಯ 24 ಲಕ್ಷ ಇದ್ದವರು ಕಟ್ಟುವುದು, ಸೆಸ್ ಬಿಟ್ಟರೆ, 3 ಲಕ್ಷ. ಅಂದರೆ ಒಟ್ಟು ಆದಾಯದ ಶೇ 12.5 ಮಾತ್ರ. ಇದನ್ನು ದುಡಿಮೆಗೆ ಹಾಕಿದ ದಂಡ ಎನ್ನಲಾದೀತೇ?

ಹಾಗೆಂದು ದರ ಏರಿಸುತ್ತಲೇ ಹೋಗುವುದೂ ಜಾಣತನವಲ್ಲ. 1973–74ರಲ್ಲಿ ನಮ್ಮ ದೇಶದಲ್ಲಿ ಗರಿಷ್ಠ ದರ ಸರ್‌ಚಾರ್ಜ್ ಸೇರಿ ಶೇ 97.75 ಇತ್ತು. ನೂರು ರೂಪಾಯಿ ಹೆಚ್ಚು ಗಳಿಸಿದರೆ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ! ಇಂತಹ ದರ ಆದಾಯ ಮುಚ್ಚಿಡಲು ಕೊಟ್ಟ ಆಹ್ವಾನದಂತೆ. ಮರುವರ್ಷವೇ ಅದನ್ನು ಇಳಿಸಬೇಕಾಯಿತು.

ಏಕದರದ ಪರ ಇರುವವರು ಎಸ್ಟೋನಿಯಾ, ರಷ್ಯಾ ಕಡೆ ಬೆರಳು ತೋರಿಸುತ್ತಾರೆ. ಎಸ್ಟೋನಿಯಾ 1994ರಲ್ಲೇ ಏಕದರ ತಂದಿತು. ಲೆಕ್ಕ ಸುಲಭವಾಯಿತು ನಿಜ. ಆದರೆ ಅಲ್ಲೂ ಕಡಿಮೆ ಆದಾಯದವರಿಗೆ ವಿನಾಯಿತಿ ಮಿತಿ ಇಡಲಾಯಿತು. 2001ರಲ್ಲಿ ಶೇ 13ರ ಏಕದರ ತಂದ ರಷ್ಯಾ, 2021ರಲ್ಲಿ ದೊಡ್ಡ ಆದಾಯಕ್ಕೆ ಶೇ 15 ವಿಧಿಸಿತು. 2025ರಿಂದ ಅಲ್ಲಿ ಶೇ 13ರಿಂದ 22ರವರೆಗೆ ಐದು ಹಂತಗಳಿವೆ. ಅಷ್ಟಕ್ಕೂ ತೆರಿಗೆಯನ್ನು ಗೋಜಲು ಮಾಡುವುದು ಸ್ಲ್ಯಾಬ್‌ಗಳಲ್ಲ, ನೂರೆಂಟು ವಿನಾಯಿತಿಗಳು.

ಏಕದರ ಹೇಗಿರುತ್ತದೆ ಎಂದು ತಿಳಿಯಲು ವಿದೇಶಕ್ಕೆ ಹೋಗಬೇಕಿಲ್ಲ. ಮೊಬೈಲ್ ರೀಚಾರ್ಜ್‌ಗೆ ಶೇ 18 ಜಿಎಸ್‌ಟಿ ಇದೆ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಶುಲ್ಕಕ್ಕೂ ಶೇ 18. ಒಂದು ರೂಪಾಯಿ ಆದಾಯವಿಲ್ಲದ ಉದ್ಯೋಗಾಕಾಂಕ್ಷಿಗೂ ಕೋಟ್ಯಧಿಪತಿಯ ಮಗನಿಗೂ ಅದೇ ದರ. ‘ತೆರಿಗೆ ಕಟ್ಟುವವರು ನಾವು ಕೆಲವರೇ’ ಎನ್ನುವವರು ಇದನ್ನು ನೆನಪಿಡಬೇಕು.

ಇನ್ನು ವೃತ್ತಿ ತೆರಿಗೆಯನ್ನೇ ನೋಡಿ. ಕರ್ನಾಟಕದಲ್ಲಿ ತಿಂಗಳಿಗೆ 25 ಸಾವಿರ ಸಂಬಳ ಪಡೆಯುವವರಿಗೂ ಎರಡೂವರೆ ಲಕ್ಷ ಪಡೆಯುವವರಿಗೂ ವರ್ಷಕ್ಕೆ 2,500 ರೂಪಾಯಿ ಕಡಿತವಾಗುತ್ತದೆ. ಮೊದಲನೆಯವರ ಪಾಲಿಗೆ ಅದು ಆದಾಯದ ಶೇ 0.83, ಎರಡನೆಯವರಿಗೆ ಶೇ 0.083. ಇಲ್ಲಿ ಸಿರಿವಂತರ ಪಾಲು ಏರುವ ಬದಲು ಇಳಿಯುತ್ತದೆ. ಸಂವಿಧಾನದ 276ನೇ ವಿಧಿ 2,500ರ ಮಿತಿ ಹಾಕಿರುವುದರಿಂದ ರಾಜ್ಯ ಸರ್ಕಾರ ಮೇಲಿನವರಿಂದ ಹೆಚ್ಚು ಪಡೆಯುವಂತೆಯೂ ಇಲ್ಲ. 1988ರಲ್ಲಿ ನಿಗದಿಯಾದ ಈ ಮಿತಿ ಮರುಚಿಂತನೆಗೆ ಯೋಗ್ಯವಲ್ಲವೇ?

ಬಳಕೆಯ ಮೇಲಿನ ತೆರಿಗೆಯಲ್ಲಿ ಬಡವ, ಬಲ್ಲಿದ ಎಂಬ ಭೇದ ಮಾಡುವುದು ಕಷ್ಟ. ಆ ಭೇದ ಗುರುತಿಸಲು ಇರುವ ಮುಖ್ಯ ದಾರಿಯೇ ಆದಾಯ ತೆರಿಗೆ. ಅಲ್ಲೂ ಏಕದರ ತಂದರೆ ತಕ್ಕಡಿ ಪೂರ್ತಿ ಉಳ್ಳವರ ಕಡೆಗೇ ವಾಲುತ್ತದೆ. ಹಂತ ಹಂತವಾಗಿ ಏರುವ, ಮಿತಿಮೀರದ, ಸಾಮಾನ್ಯರಿಗೂ ಅರ್ಥವಾಗುವ ತೆರಿಗೆ ನಮಗೆ ಬೇಕು. ಸರ್ಕಾರಿ ಶಾಲೆಯಲ್ಲಿ ಓದಿ, ವಿದ್ಯಾರ್ಥಿ ವೇತನದಿಂದ ಪದವಿ ಮುಗಿಸಿದ ನಮ್ಮಂಥವರು ನಾಳೆ ಮೇಲಿನ ಸ್ಲ್ಯಾಬ್ ತಲುಪಿದರೆ, ಹೆಚ್ಚು ಕಟ್ಟಲು ಗೊಣಗಬೇಕಿಲ್ಲ. ಇನ್ನೊಬ್ಬರ ತೆರಿಗೆಯೇ ನಮ್ಮನ್ನು ಅಲ್ಲಿಗೆ ಏರಿಸಿದ ಏಣಿ.