ಐಸ್ ಬ್ರೇಕರ್: ಆಟವೋ, ಮೊದಲ ಮಾತೋ?

ತಪ್ಪು ಕಲ್ಪನೆ: ಸಭೆಗೆ ಬಂದವರನ್ನು ಆಟವಾಡಿಸಿ ನಗಿಸುವುದೇ ಐಸ್ ಬ್ರೇಕರ್.

ಸತ್ಯ: ನಗು ಬಂದರೆ ಬರಲಿ, ಆದರೆ ಅದರ ಕೆಲಸ ಬೇರೆ. ಸಾಮಾನ್ಯವಾಗಿ ಬಾಯಿ ಬಿಡದವರೂ ಮೊದಲ ಐದು ನಿಮಿಷದಲ್ಲಿ ಒಂದು ಮಾತಾಡುವಂತಾಗಬೇಕು. ಬೆಂಗಳೂರಿನ ಮಲ್ಲೇಶ್ವರದ ಒಂದು ವಾರ್ಡ್ ಸಮಿತಿ ಸಭೆಯನ್ನೇ ಊಹಿಸಿಕೊಳ್ಳಿ. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ಇಂಥ ಸಮಿತಿ ಇರಬೇಕೆಂದು ಸಂವಿಧಾನದ 1992ರ 74ನೇ ತಿದ್ದುಪಡಿ ಹೇಳಿತು. ಆದರೆ ಮುಂದಿನ ಸಾಲಿನ ನಾಲ್ವರು ಹಳಬರೇ ಮೈಕ್ ಹಿಡಿದು ಕೂತರೆ, ಹಿಂದಿರುವ ಬಾಡಿಗೆ ಮನೆಯವರು, ಹೂವು ಮಾರುವವರು ಬಂದ ಹಾಗೇ ಎದ್ದು ಹೋಗುತ್ತಾರೆ. ಅಲ್ಲಿ ಚಪ್ಪಾಳೆಯಾಟ ಆಡಿಸಿದರೆ ಹಿರಿಯರಿಗೆ ಮುಜುಗರ, ಉಳಿದವರಿಗೆ ಬೇಸರ. ಬದಲಿಗೆ, 'ಸಂಪಿಗೆ ರಸ್ತೆಯಲ್ಲಿ ನಡೆಯುವಾಗ ನೀವು ಫುಟ್‌ಪಾತ್ ಬಿಟ್ಟು ರಸ್ತೆಗಿಳಿಯೋದು ಎಲ್ಲಿ?' ಎಂದು ಕೇಳಿ. ಉತ್ತರ ಎಲ್ಲರ ಬಳಿಯೂ ಇರುತ್ತದೆ, ಚರ್ಚೆಗೂ ಅದೇ ಸಾಮಗ್ರಿ. ಸಮಯ ದಂಡ ಎನ್ನುವವರು ಆಪರೇಷನ್ ಥಿಯೇಟರ್ ಕಡೆ ನೋಡಲಿ: ಕೊಯ್ಯುವ ಮುನ್ನ ತಂಡದ ಪ್ರತಿಯೊಬ್ಬರೂ ಹೆಸರು, ಕೆಲಸ ಹೇಳಿಕೊಂಡಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಪಟ್ಟಿಯೇ ಹೇಳುತ್ತದೆ. ಒಮ್ಮೆ ದನಿ ಹೊರಟವರಿಗೆ ಮುಂದೆ ತಪ್ಪು ಕಂಡಾಗ ಎಚ್ಚರಿಸುವುದು ಸುಲಭ.

ತಪ್ಪು ಕಲ್ಪನೆ: ಎಲ್ಲರೂ ಸರದಿಯಂತೆ ಪರಿಚಯ ಹೇಳಿಕೊಂಡರೆ ಸಾಕು.

ಸತ್ಯ: ತಮ್ಮ ಸರದಿಗೆ ತುಸು ಮುಂಚೆ ಬೇರೆಯವರು ಆಡಿದ ಮಾತು ಜನರ ನೆನಪಿನಲ್ಲಿ ಉಳಿಯುವುದು ಕಡಿಮೆ ಎಂದು ಮನೋವಿಜ್ಞಾನಿ ಮಾಲ್ಕಮ್ ಬ್ರೆನರ್ 1973ರಲ್ಲೇ ತೋರಿಸಿದರು, ಮನಸ್ಸೆಲ್ಲ ತಾನೇನು ಹೇಳಲಿ ಎಂಬುದರಲ್ಲೇ ಇರುತ್ತದೆ. ಮೂವತ್ತು ಜನರಿಗೆ ತಲಾ ಒಂದು ನಿಮಿಷ ಕೊಟ್ಟರೂ ಅರ್ಧ ಗಂಟೆ ಹೋಯಿತು. ಅದಕ್ಕಿಂತ ಪಕ್ಕದವರ ಜೊತೆ ಇಬ್ಬಿಬ್ಬರಾಗಿ ಎರಡು ನಿಮಿಷ ಮಾತಾಡಿಸುವುದು ಮೇಲು. ಸಂಕೋಚದವರನ್ನು ಹಿಂಸಿಸಿದಂತಲ್ಲವೇ ಎಂಬ ಆಕ್ಷೇಪಕ್ಕೂ ಇದೇ ಉತ್ತರ: ಒಬ್ಬರೆದುರು ಮಾತಾಡುವುದು ಸಭೆಯೆದುರು ನಿಲ್ಲುವಷ್ಟು ಕಷ್ಟವಲ್ಲ, ಬೇಡವೆನಿಸಿದರೆ ಸುಮ್ಮನಿರಲೂ ಅವಕಾಶವಿರಬೇಕು.

ತಪ್ಪು ಕಲ್ಪನೆ: ಇದು ಹೊರಗಿನ ಆಮದು; ನಮ್ಮಲ್ಲಿ ಕುಶಲೋಪರಿ ಇದೆಯಲ್ಲ.

ಸತ್ಯ: ಅರ್ಧ ನಿಜ. 'ಕಾಫಿ ಆಯ್ತಾ?' ಎನ್ನುವುದು ಯಾರನ್ನೂ ಹೊರಗಿಡುವುದಿಲ್ಲ. ಆದರೆ 'ತಮ್ಮದು ಯಾವ ಕಡೆ? ಮನೆದೇವರು ಯಾವುದು?' ಎಂದು ಮುಂದುವರಿದರೆ ಅದು ಜಾತಿ ಹುಡುಕುವ ದಾರಿ. ಕರಗಬೇಕಾದ ಮಂಜು ಅಲ್ಲೇ ಗಟ್ಟಿಯಾಗುತ್ತದೆ. ಕೇಳಬೇಕಾದ್ದು ಹುಟ್ಟನ್ನಲ್ಲ, ಸಭೆಯ ವಿಷಯವನ್ನು. ಎಲ್ಲ ಸಭೆಗೂ ಇದು ಬೇಕೆಂದೂ ಇಲ್ಲ. ಸಾಹಿತಿ ಡಿ.ವಿ.ಜಿ. 1945ರಲ್ಲಿ ಕಟ್ಟಿದ ಬಸವನಗುಡಿಯ ಗೋಖಲೆ ಸಂಸ್ಥೆಯಂಥ ಕಡೆ ಒಟ್ಟಿಗೆ ಓದಿ ಪಳಗಿದ ಗುಂಪು ಕೂತಿದ್ದರೆ, ನೇರವಾಗಿ ಪುಸ್ತಕ ತೆರೆಯಬಹುದು.