ನೆಲದ ಮೇಲಿನ ವಿಮಾನ

ಎತ್ತುಗಳನ್ನು ಹೂಡಿ, ನಾಲ್ಕು ದಿಕ್ಕಿಗೂ ನೇಗಿಲು ಹೊಡೆಸಿ ಬೆಂಗಳೂರಿನ ಪೇಟೆಬೀದಿಗಳನ್ನು ಗುರುತಿಸಿದರೆಂದು ಐತಿಹ್ಯವು ಹೇಳುವ ಕೆಂಪೇಗೌಡರ ಹೆಸರು ಮಾಗಡಿಯ ಸೀಮೆಯಲ್ಲಿ ಮನೆಮಾತು. ಆ ಹೆಸರನ್ನು 2013ರಲ್ಲಿ ಪಡೆದ ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿಯೂ ಹಗಲಿರುಳು ನಡೆಯುತ್ತಿರುವುದು, ವಿಚಾರಿಸಿ ನೋಡಿದರೆ, ಬೀದಿ ಹಾಕಿ ಸಂಚಾರವನ್ನು ನಡೆಸುವ ಆ ಪುರಾತನ ವಿದ್ಯೆಯೇ.

ಗಗನದಲ್ಲಿ ಗರುಡನಂತೆ ಸಾಗುವ ವಿಮಾನವು ನೆಲ ಮುಟ್ಟಿದೊಡನೆ ಪರಾಧೀನವಾಗುತ್ತದೆ. ನಿಂತೆಡೆಯಿಂದ ಹಿಂದೆ ಸರಿಯಬೇಕಾದರೆ ಮುಂಗಾಲಿಗೆ ತಗುಲಿಸಿದ ಗಿಡ್ಡ ಟ್ರ್ಯಾಕ್ಟರೊಂದು ಅದನ್ನು ತಳ್ಳಬೇಕು. ರೆಕ್ಕೆ ಯಾವುದಕ್ಕೂ ತಾಗದಂತೆ ಒಬ್ಬನು ಪಕ್ಕದಲ್ಲಿ ನೋಡಿಕೊಳ್ಳಬೇಕು. ಹಳದಿ ಗೆರೆಯನ್ನು ಗಾಲಿ ಬಿಡಕೂಡದು. ಬಂದು ನಿಲ್ಲುವಾಗ, ಎದುರಿಗಿರುವವನು ಬೆಳಕಿನ ಎರಡು ಕೋಲುಗಳನ್ನು ತಲೆಯ ಮೇಲೆ ಕತ್ತರಿಯಾಗಿ ಹಿಡಿದ ಕ್ಷಣವೇ ಪೈಲಟನು ಬ್ರೇಕು ಹಾಕುತ್ತಾನೆ, ಆಳುಗಳು ಗಾಲಿಗೆ ಅಡೆ ಕೊಡುತ್ತಾರೆ. ಮಾಗಡಿ ರಂಗನಾಥಸ್ವಾಮಿಯ ತೇರು ನಿಲ್ಲುವುದನ್ನು ಕಂಡವರಿಗೆ ಇದೇನೂ ಹೊಸತಲ್ಲ.

ನಿಜವಾದ ಇಕ್ಕಟ್ಟು ರನ್‌ವೇಯ ಬಾಯಲ್ಲಿ. 2008ರ ಮೇ 24ರಂದು ಎಚ್‌ಎಎಲ್ ನಿಲ್ದಾಣದಿಂದ ಇಲ್ಲಿಗೆ ಬಂದ ಸಂಚಾರಕ್ಕೆ, 2019ರ ಡಿಸೆಂಬರಿನಲ್ಲಿ ದಕ್ಷಿಣದ ರನ್‌ವೇ ತೆರೆಯುವವರೆಗೂ, ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಪಟ್ಟೆಯಿದ್ದಿತು. ಭಾರಿ ವಿಮಾನವೊಂದು ಏರಿದ ಮೇಲೆ ಅದೆಬ್ಬಿಸಿದ ಗಾಳಿಯ ಸುಳಿಯು ಅಡಗುವವರೆಗೆ ಹಿಂದಿನ ಚಿಕ್ಕದು ಕೆಲವು ನಿಮಿಷ ಕಾಯಲೇಬೇಕು. ಮುಂಜಾವಿನಲ್ಲಿ ಎಲ್ಲರೂ ಒಟ್ಟಿಗೆ ಹೊರಟರೆ ಸಾಲು ಬೆಳೆಯದಿರುವುದೆಂತು? ಹೊಸ ಹೆದ್ದಾರಿ ಬರುವ ಮುನ್ನ ಚನ್ನಪಟ್ಟಣದ ಪೇಟೆಯನ್ನು ದಾಟಲು ಬಸ್ಸುಗಳು ಹೊಗೆಯುಗುಳುತ್ತ ನಿಲ್ಲುತ್ತಿದ್ದಂತೆಯೇ, ವಿಮಾನಗಳೂ ಎಂಜಿನ್ ಚಾಲೂ ಇಟ್ಟು ಇಂಧನವನ್ನು ಸುಡುತ್ತ ನಿಲ್ಲುವುವು. ಇದಕ್ಕೆ ದೊಡ್ಡ ನಿಲ್ದಾಣಗಳು ಕಂಡುಕೊಂಡ ಉಪಾಯ ಬಹು ಸರಳವಾದುದು, ಆದುದರಿಂದಲೇ ತಡವಾಗಿ ಹೊಳೆದುದು: ವಿಮಾನಸಂಸ್ಥೆ, ಸಾಮಾನು ಹೇರುವವರು, ನಿಯಂತ್ರಣಗೋಪುರ ಇವರೆಲ್ಲರೂ ಒಂದೇ ವೇಳಾಪಟ್ಟಿಯನ್ನು ನೋಡುತ್ತ, ಸರದಿ ಸಮೀಪಿಸಿದ ವಿಮಾನಕ್ಕೆ ಮಾತ್ರ ಎಂಜಿನ್ ಹೊತ್ತಿಸಲು ಅನುಮತಿ ಕೊಡುವುದು. ಉಳಿದವು ಎಂಜಿನ್ ಆರಿಸಿಕೊಂಡು ತಮ್ಮ ಸ್ಥಾನದಲ್ಲಿಯೇ ಕಾಯುವುವು.

ಮುಂಬಯಿಯ ಕಷ್ಟ ಬೇರೆ. ಅಲ್ಲಿ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವುದರಿಂದ ಎರಡಿದ್ದೂ ಎರಡರ ಪ್ರಯೋಜನವಿಲ್ಲ. ದೇವನಹಳ್ಳಿಯ ಪಟ್ಟೆಗಳು ಸಮಾಂತರವಾಗಿವೆ. ಅಲ್ಲಿನ ಶತ್ರುವೆಂದರೆ ಚಳಿಗಾಲದ ಮುಂಜಾನೆಯ ಮಂಜು.

ಬೆಂಗಳೂರಿನ ಎರಡನೆಯ ವಿಮಾನನಿಲ್ದಾಣಕ್ಕೆಂದು 2025ರಲ್ಲಿ ಪರಿಶೀಲನೆಗೆ ಬಂದ ಮೂರು ಸ್ಥಳಗಳಲ್ಲಿ ಎರಡು ಕನಕಪುರ ರಸ್ತೆಯ ಕಡೆಯವು. ಬಂಡೆ ಗುಡ್ಡಗಳ ಈ ಸೀಮೆಯಲ್ಲಿ, ದೇವನಹಳ್ಳಿಯಲ್ಲಿರುವಂತೆ 4,000 ಮೀಟರ್ ಉದ್ದದ ಎರಡು ಪಟ್ಟೆಗಳನ್ನು ಒಂದಕ್ಕೊಂದು ತಾಗದಂತೆ ಹಾಸಲು ಸಮನೆಲ ಎಲ್ಲಿ ದೊರೆತೀತೆಂಬುದನ್ನು ಅಳೆಯುವವರು ಅಳೆಯಲಿ.