ಮಕ್ಕಳ ಚೇಷ್ಟೆಯೂ ಲಾರಿಯ ರಿಪೇರಿಯೂ

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯನ್ನು ನಂಬಿ ಬೇಸಾಯ ಮಾಡುವ ಕುಟುಂಬಗಳು ಬಹಳ. ಮಳೆಯು ಕೈಕೊಟ್ಟ ವರ್ಷ ಮನೆಯನ್ನು ನಡೆಯಿಸಲು ಬೇರೊಂದು ಆಸರೆ ಬೇಕಾಗುವುದಷ್ಟೆ. ಪುರವರದಂತಹ ಹೋಬಳಿಯ ಊರಿನಲ್ಲಿ ಸಾಲ ಮಾಡಿ ಕೊಂಡ ಲಾರಿಯೊಂದು ಕೆಲವು ಸಂಸಾರಗಳಿಗೆ ಆ ಆಸರೆಯಾಗಿರುವುದು. ಹುಣಸೆಹಣ್ಣನ್ನು ಹಿಂದೂಪುರದ ಮಂಡಿಗೆ, ಕಡಲೆಕಾಯನ್ನು ಮತ್ತೊಂದು ಊರಿಗೆ ಸಾಗಿಸಿ ಬಂದ ಆ ಲಾರಿಯು ರಾತ್ರಿ ಮನೆಯ ಮುಂದೆಯೇ ನಿಲ್ಲುವುದು. ಬೆಳಗ್ಗೆ ತಂದೆಯು ಸ್ನಾನಕ್ಕೆ ಹೋದಾಗ ನಾಲ್ಕೈದು ವರ್ಷದ ಮಗನು ಮೆಲ್ಲನೆ ಹತ್ತಿ ಕುಳಿತು, ತಂದೆಯು ಮಾಡುವುದನ್ನೆಲ್ಲಾ ತಾನೂ ಮಾಡಿನೋಡುವನು. ಅಷ್ಟರಲ್ಲಿ ದೀಪದ ಹಿಡಿಯು ಮುರಿದಿರುವುದು, ಬೀಗದ ಕೈ ಹಾಕುವ ತೂತಿನಲ್ಲಿ ನಾಣ್ಯವೋ ಕಡ್ಡಿಯೋ ಸಿಕ್ಕಿಕೊಂಡಿರುವುದು, ಸ್ವಿಚ್ಚುಗಳ ಮೇಲೆ ಪಾನಕವು ಚೆಲ್ಲಿರುವುದು.

ಇಂತಹ ಸಮಯದಲ್ಲಿ ಗೃಹಸ್ಥರು ಸಾಮಾನ್ಯವಾಗಿ ಎರಡು ಕೆಲಸಗಳನ್ನು ಮಾಡುವರು: ಮಗುವಿಗೆ ಎರಡೇಟು ಕೊಡುವರು; ಬಾಡಿಗೆ ತಪ್ಪೀತೆಂದು ತಂತಿಗಳನ್ನು ಹೇಗೋ ಜೋಡಿಸಿ ಹೊರಟುಬಿಡುವರು. ಇವೆರಡೂ ಕೂಡದೆಂಬುದೇ ನಮ್ಮ ಅಭಿಪ್ರಾಯ.

ಮೊದಲನೆಯದು ಏಕೆ ಕೂಡದೆಂದರೆ, ಏನು ಕೆಟ್ಟಿದೆಯೆಂಬುದನ್ನು ಬಲ್ಲವನು ಆ ಮಗು ಒಬ್ಬನೇ. ಮುರಿದ ಹಿಡಿಯು ಕಣ್ಣಿಗೆ ಕಾಣುವುದು. ಸ್ಥಾನ ತಪ್ಪಿದ ಬ್ರೇಕಿನ ಹಿಡಿಯು ಕಾಣದು. ಪೆಟ್ಟು ತಿಂದ ಮಗುವು "ನಾನೇನೂ ಮುಟ್ಟಲಿಲ್ಲ" ಎನ್ನುವುದು ಸಹಜ. ಆದಕಾರಣ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಎಲ್ಲಿ ಕಂದಾ, ಯಾವುದನ್ನು ಎಳೆದೆ, ಯಾವುದನ್ನು ತಿರುಗಿಸಿದೆ, ತೋರಿಸಪ್ಪ" ಎಂದು ಕೇಳಬೇಕು. ಅವನು ಬೆರಳಿಟ್ಟು ತೋರಿಸಿದ್ದರಲ್ಲಿ ಅರ್ಧ ರಿಪೇರಿಯು ಮುಗಿದಂತೆಯೇ ಸರಿ.

ಮುಖ್ಯವಾಗಿ ವಿಚಾರಿಸತಕ್ಕದ್ದು ಕೈ ಬ್ರೇಕನ್ನು ಕುರಿತು. ದೊಡ್ಡ ಲಾರಿಗಳಲ್ಲಿ ನಿಂತ ಚಕ್ರವನ್ನು ಬಲವಾದ ಸ್ಪ್ರಿಂಗು ಹಿಡಿದಿರುವುದು. ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯು ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿದಾಗ ಚಕ್ರವು ಬಿಡುಗಡೆಯಾಗುವುದು. ಈ ಗಾಳಿಯನ್ನು ಬಿಡುವ ಹಿಡಿಯು ಬಹು ಚಿಕ್ಕದು, ಮಗುವಿನ ಕೈಗೂ ಬಗ್ಗತಕ್ಕದ್ದು. ಇಂಜಿನ್ನು ನಿಂತಿದ್ದರೂ, ಬೀಗದ ಕೈ ಮನೆಯೊಳಗಿದ್ದರೂ, ಟ್ಯಾಂಕಿನಲ್ಲಿ ಗಾಳಿಯುಳಿದಿದ್ದರೆ ಇಳಿಜಾರಿನಲ್ಲಿ ಲಾರಿಯು ತಾನಾಗಿ ಉರುಳಬಹುದು. ಆದ್ದರಿಂದ ಯಾವ ರಿಪೇರಿಗೂ ಮೊದಲು ಚಕ್ರಗಳಿಗೆ ಕಲ್ಲನ್ನು ಒಡ್ಡಬೇಕು. ಟಿಪ್ಪರುಗಳಲ್ಲಿ ಹಿಂಬದಿಯ ಬಾಡಿಯನ್ನೆತ್ತುವ ಹಿಡಿಯೊಂದು ಬೇರೆ ಇರುವುದು. ಅದು ಇರಬೇಕಾದೆಡೆಯಲ್ಲಿ ಇದೆಯೇ ಎಂದು ನೋಡದೆ ಇಂಜಿನ್ನನ್ನು ಚಾಲೂ ಮಾಡಲೇಬಾರದು.

ಇನ್ನು ಎರಡನೆಯದು. ಸ್ವಿಚ್ಚು ಕೆಟ್ಟಾಗ ಅದನ್ನು ಬಿಟ್ಟು ತಂತಿಗೆ ತಂತಿಯನ್ನು ಕಟ್ಟುವುದಕ್ಕೆ 'ಡೈರೆಕ್ಟ್ ಮಾಡುವುದು' ಎನ್ನುವರು. ಫ್ಯೂಸು ಸುಟ್ಟರೆ ಅದರ ಜಾಗದಲ್ಲಿ ತಾಮ್ರದ ಎಳೆಯನ್ನು ಸಿಕ್ಕಿಸುವವರೂ ಉಂಟು. ಮನೆಯ ಮೀಟರಿನ ಬಳಿಯ ಫ್ಯೂಸಿನಂತೆ ಇದೂ ಕಾವಲುಗಾರನು. ಮಿತಿಮೀರಿ ವಿದ್ಯುತ್ತು ಹರಿದಾಗ ತಾನು ಕರಗಿ ತಂತಿಯನ್ನು ಕಾಯುವುದು. ಕಾವಲುಗಾರನನ್ನು ತೆಗೆದ ಮೇಲೆ ಕಾಯುವ ತಂತಿಯೇ ಬೆಂಕಿಗೆ ಮೂಲವಾಗುವುದು. ಈಗಿನ ಚಪ್ಪಟೆ ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರಿಗೆ, ನೀಲಿ 15ಕ್ಕೆ, ಹಳದಿ 20ಕ್ಕೆ, ಹಸಿರು 30ಕ್ಕೆ ಗುರುತು. ಕೆಂಪು ಹೋದಲ್ಲಿ ಕೆಂಪನ್ನೇ ಹಾಕಬೇಕು. ಅದೂ ಪುನಃ ಸುಟ್ಟರೆ ದೋಷವು ಬೇರೆಡೆಯಲ್ಲಿದೆಯೆಂದು ತಿಳಿದು ಹುಡುಕಬೇಕೇ ಹೊರತು ಹಸಿರನ್ನು ಹಾಕಬಾರದು.

ಗೃಹಸ್ಥನು ತಾನೇ ಮಾಡಬಹುದಾದ ಕೆಲಸಗಳೂ ಕೆಲವುಂಟು. ಕ್ರಮವಿಷ್ಟೆ: ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಬೇಕು, ಕೊನೆಯಲ್ಲಿ ಅದನ್ನೇ ಜೋಡಿಸಬೇಕು. ಪ್ಲಸ್ಸನ್ನು ಮೊದಲು ಬಿಚ್ಚಹೋಗಿ ಸ್ಪ್ಯಾನರು ಲಾರಿಯ ಕಬ್ಬಿಣಕ್ಕೆ ತಗುಲಿದರೆ ಕಿಡಿ ಹಾರುವುದು. ಪಾನಕ ಚೆಲ್ಲಿದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಪೂರಾ ಒಣಗುವವರೆಗೆ ಬಿಡಬೇಕು; ಪೆಟ್ರೋಲಿನಿಂದ ತೊಳೆಯುವುದು ಸರ್ವಥಾ ಕೂಡದು. ಬೀಗದ ತೂತಿನಲ್ಲಿ ಕಡ್ಡಿಯಿದ್ದರೆ ಸಣ್ಣ ಚಿಮಟದಿಂದ ಹೊರಕ್ಕೆ ಎಳೆಯಬೇಕು, ಮೊಳೆಯಿಂದ ಒಳಕ್ಕೆ ನೂಕಬಾರದು. ಎಣ್ಣೆ ಬಿಟ್ಟರೆ ನಮ್ಮ ಬಯಲುಸೀಮೆಯ ಧೂಳು ಅಂಟಿಕೊಳ್ಳುವುದು. ಪೆನ್ಸಿಲ್ಲಿನ ಕಪ್ಪು ಪುಡಿಯು ಲೇಸು. ಕಳಚಿದ ಗುಂಡಿಯನ್ನು ಅಂಟಿನಿಂದ ಕೂರಿಸಬಹುದು. ಆದರೆ ಸ್ಟೀರಿಂಗಿನ ಕೆಳಗೆ ದೀಪಕ್ಕೂ ಇಂಡಿಕೇಟರಿಗೂ ಇರುವ ಹಿಡಿಯು ಮುರಿದರೆ ಅಂಟು ನಿಲ್ಲದು. ನಡುರಾತ್ರಿ ಹೆದ್ದಾರಿಯಲ್ಲಿ ಕೈಗೆ ಬಂದೀತು. ಅದನ್ನು ಹೊಸದಾಗಿಯೇ ಹಾಕಿಸಬೇಕು. ದೊಡ್ಡ ಲಾರಿಗಳದು 24 ವೋಲ್ಟಿನ ವ್ಯವಸ್ಥೆ, ಚಿಕ್ಕ ವಾಹನಗಳದು 12. ಸಾಮಾನು ಕೊಳ್ಳುವಾಗ ಇದನ್ನು ಮರೆಯಬಾರದು.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6ರ ನಿಯಮವು ಜಾರಿಗೆ ಬಂದಮೇಲೆ ಮಾರಾಟವಾದ ಹೊಸ ಲಾರಿಗಳ ವಿಷಯದಲ್ಲಿ ಮತ್ತಷ್ಟು ಎಚ್ಚರಿಕೆ ಅವಶ್ಯಕ. ಅವುಗಳ ಇಂಜಿನ್ನನ್ನು ನಡೆಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಹಳೆಯ ಪದ್ಧತಿಯಂತೆ ತಂತಿಯನ್ನು ಚುಚ್ಚಿ ಬಲ್ಬು ಹಿಡಿದು ಪರೀಕ್ಷಿಸಿದರೆ ಅಲ್ಪ ದೋಷವು ಭಾರಿ ಖರ್ಚಿಗೆ ತಿರುಗೀತು. ಅಂತಹವನ್ನು ಅದರಲ್ಲಿ ಪಳಗಿದ ಮೆಕ್ಯಾನಿಕ್ಕನಿಗೇ ಒಪ್ಪಿಸತಕ್ಕದ್ದು.

ರಿಪೇರಿಯಾದ ಬಳಿಕ ಪರೀಕ್ಷೆ. ಇಂಜಿನ್ನನ್ನು ನಿಲ್ಲಿಸಿಯೇ ಒಂದೊಂದು ಸ್ವಿಚ್ಚನ್ನೂ ಒತ್ತಿ, ಪಕ್ಕದಲ್ಲಿ ನಿಂತ ಮನೆಯವರಿಂದ ಯಾವ ದೀಪವು ಹತ್ತಿತೆಂದು ಕೇಳಿ ತಿಳಿಯಬೇಕು. ಹಾರನ್ನು, ವೈಪರುಗಳನ್ನು ನೋಡಬೇಕು. ಆಮೇಲೆ ಇಂಜಿನ್ನನ್ನು ಚಾಲೂ ಮಾಡಿ, ಗಾಳಿಯು ತುಂಬುವವರೆಗೆ ಕಾದು, ಬ್ರೇಕನ್ನು ಒತ್ತಿನೋಡಿ, ಬಯಲಿನಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಬೇಕು. ಲಾರಿಗೆ ಮೊದಲ 8 ವರ್ಷ 2 ವರ್ಷಕ್ಕೊಮ್ಮೆಯೂ ಅನಂತರ ಪ್ರತಿವರ್ಷವೂ ಎಫ್.ಸಿ. ಮಾಡಿಸಬೇಕೆಂಬ ನಿಯಮವಿರುವುದಷ್ಟೆ, ಇಷ್ಟನ್ನು ಮಾಡಿದವನಿಗೆ ಆ ದಿನವೂ ಅಂಜಿಕೆಯಿಲ್ಲ.

ಕೊನೆಯದಾಗಿ ಒಂದು ಮಾತು. ಲಾರಿಯ ಬಾಗಿಲಿಗೆ ಬೀಗ ಹಾಕುವುದು, ಬೀಗದ ಕೈಯನ್ನು ಮಗುವಿಗೆ ಎಟುಕದ ಮೊಳೆಗೆ ತಗುಲಿಸುವುದು ಪ್ರತಿರಾತ್ರಿಯ ವಾಡಿಕೆಯಾಗಬೇಕು. ಬೇಸಗೆಯಲ್ಲಿ ಮುಚ್ಚಿದ ಕ್ಯಾಬಿನ್ನೊಳಗೆ ಸಿಕ್ಕಿಬಿದ್ದ ಮಗುವಿಗೆ ಸೆಕೆಯಿಂದಲೇ ಪ್ರಾಣಾಪಾಯವುಂಟು. ಇದರೊಡನೆ, ಬಿಡುವಾದೊಂದು ದಿನ ತಂದೆಯು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿಂತ ಲಾರಿಯಲ್ಲಿ ಒಂದೊಂದನ್ನೂ ಹೆಸರು ಹೇಳಿ ತೋರಿಸಿ, ಯಾವುದನ್ನು ಮುಟ್ಟಬಾರದು, ಏಕೆ ಮುಟ್ಟಬಾರದು ಎಂದು ತಿಳಿಸಲಿ. ಮಗುವಿಗೆ ಬೇಕಾಗಿದ್ದುದು ತಂದೆಯ ಕೆಲಸವನ್ನು ಅರಿಯುವುದು. ಅದನ್ನು ತಂದೆಯೇ ಕಲಿಸಿದರೆ ಕದ್ದು ಹತ್ತುವ ಆಸೆಯು ತಾನಾಗಿ ಕಡಮೆಯಾದೀತು.